ಖಾಲಿ ಹಾಸಿಗೆಯ ಲೆಕ್ಕ: ಮುಂಬಯಿಯ ಆಸ್ಪತ್ರೆಗಳು ಮತ್ತು ವಿಪತ್ತಿನ ಸಿದ್ಧತೆ

2021ರ ಮೇ ತಿಂಗಳ ನಡುವಿನಲ್ಲಿ, ಕೋವಿಡ್‌ನ ಎರಡನೆಯ ಅಲೆ ಇಳಿಮುಖವಾಗುತ್ತಿದ್ದಾಗಲೇ, ಅರಬ್ಬಿ ಸಮುದ್ರದಲ್ಲಿ ತೌಕ್ತೆ ಚಂಡಮಾರುತ ಎದ್ದು ಉತ್ತರಕ್ಕೆ ಸಾಗತೊಡಗಿತು. ಬಾಂದ್ರಾ-ಕುರ್ಲಾ ಸಂಕೀರ್ಣ, ದಹಿಸರ್ ಮತ್ತು ಮುಲುಂಡ್‌ಗಳಲ್ಲಿ ತಾತ್ಕಾಲಿಕವಾಗಿ ಕಟ್ಟಿದ್ದ ಜಂಬೋ ಕೋವಿಡ್ ಕೇಂದ್ರಗಳು ಆ ಗಾಳಿಯನ್ನು ತಾಳಿಕೊಳ್ಳುತ್ತವೆ ಎಂಬ ಭರವಸೆ ಇರಲಿಲ್ಲವಾದ್ದರಿಂದ, ಮಹಾನಗರಪಾಲಿಕೆ ಅಲ್ಲಿದ್ದ 580 ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಸಾಗಿಸಿತು. ಅದಕ್ಕೆ ಒಂದು ತಿಂಗಳ ಹಿಂದೆ, ಏಪ್ರಿಲ್ ನಡುವಿನ ಒಂದು ರಾತ್ರಿ, ಇದಕ್ಕೆ ತದ್ವಿರುದ್ಧವಾದ ಸಾಗಾಟ ನಡೆದಿತ್ತು. ಆರು ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿಯುತ್ತಾ ಬಂದು 168 ರೋಗಿಗಳನ್ನು ಅಲ್ಲಿಂದ ಎತ್ತಿ ಇದೇ ಜಂಬೋ ಕೇಂದ್ರಗಳಿಗೆ ತರಬೇಕಾಗಿತ್ತು. ಎರಡೂ ಸಲ ಪಾರಾದದ್ದು ಇನ್ನೊಂದು ಕಡೆ ಹಾಸಿಗೆ ಖಾಲಿ ಇತ್ತು ಎಂಬ ಒಂದೇ ಕಾರಣಕ್ಕೆ. ತೌಕ್ತೆ ಏಪ್ರಿಲ್‌ನಲ್ಲೇ ಬಂದಿದ್ದರೆ ಆ 580 ಮಂದಿಯನ್ನು ಎಲ್ಲಿ ಮಲಗಿಸುತ್ತಿದ್ದರು ಎಂಬ ಪ್ರಶ್ನೆಯನ್ನು ಆಗ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಪ್ರಾದೇಶಿಕ ವಿಪತ್ತು ಸಿದ್ಧತೆಯ ಬಗ್ಗೆ ಮಾತನಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಮಾತ್ರ ಅದೇ.

ವಿಪತ್ತಿನ ಸಿದ್ಧತೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ರಬ್ಬರ್ ದೋಣಿ, ನೀರೆತ್ತುವ ಪಂಪು, ಕಿತ್ತಳೆ ಸಮವಸ್ತ್ರದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಮತ್ತು ಪಾಲಿಕೆಯ 1916 ಸಹಾಯವಾಣಿ. ಇವೆಲ್ಲವೂ ಬೇಕು. ಆದರೆ ಅವಶೇಷದಡಿಯಿಂದಲೋ ನೀರಿನಿಂದಲೋ ಎತ್ತಿದ ಮನುಷ್ಯನನ್ನು ಕೊನೆಗೆ ತಂದಿಳಿಸುವುದು ಯಾವುದೋ ಆಸ್ಪತ್ರೆಯ ಕ್ಯಾಜುವಲ್ಟಿಯ, ಅಂದರೆ ತುರ್ತು ಚಿಕಿತ್ಸಾ ವಿಭಾಗದ, ಬಾಗಿಲಿಗೆ. ಆ ಬಾಗಿಲಿನಾಚೆ ಆ ಹೊತ್ತಿಗೆ ಎಷ್ಟು ಜಾಗವಿದೆ, ಎಷ್ಟು ಕೈಗಳಿವೆ ಎಂಬುದರ ಮೇಲೆ ಹಿಂದಿನ ಎಲ್ಲ ಸಾಹಸದ ಫಲ ನಿಂತಿರುತ್ತದೆ.

ಹಾಸಿಗೆ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ 1,800ಕ್ಕೂ ಹೆಚ್ಚು, ಸಾಯನ್ ಆಸ್ಪತ್ರೆಯೆಂದೇ ಎಲ್ಲರೂ ಕರೆಯುವ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ 1,400ಕ್ಕೂ ಹೆಚ್ಚು ಹಾಸಿಗೆಗಳಿವೆ ಎಂದು ಹೇಳುವಾಗ ನಾವು ಎಣಿಸುತ್ತಿರುವುದು ಮಂಜೂರಾದ ಮಂಚಗಳನ್ನು. ಚಿಕಿತ್ಸೆಯ ದೃಷ್ಟಿಯಿಂದ ಹಾಸಿಗೆಯೆಂದರೆ ಮಂಚ, ಅದರ ತಲೆಬದಿಯ ಆಮ್ಲಜನಕದ ಕೊಳವೆ, ಔಷಧ, ಮೂರು ಪಾಳಿಗೂ ಸಾಲುವಷ್ಟು ದಾದಿಯರು, ಸ್ಥಾನಿಕ ವೈದ್ಯರು, ರೋಗಿಯನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋಗುವ ಮಾಮಾ, ನೆಲ ಒರೆಸುವ ಮಾವಶಿ, ಇಷ್ಟೂ ಸೇರಿದ ಒಂದು ಘಟಕ. ಇದರಲ್ಲಿ ಯಾವುದು ಕಡಿಮೆಯಿದೆಯೋ ಆಸ್ಪತ್ರೆಯ ಸಾಮರ್ಥ್ಯ ಅಷ್ಟಕ್ಕೇ ನಿಲ್ಲುತ್ತದೆ. ವೆಂಟಿಲೇಟರ್‌ನ ಮೇಲಿರುವ ರೋಗಿಗೆ ಪಾಳಿಗೊಬ್ಬ ದಾದಿ ಬೇಕೆಂಬುದು ಒಪ್ಪಿತವಾದ ರೂಢಿ. ದಿನಕ್ಕೆ ಮೂರು ಪಾಳಿ, ಅದರ ಮೇಲೆ ವಾರದ ರಜೆ, ಕಾಯಿಲೆಯ ರಜೆ, ಹೆರಿಗೆಯ ರಜೆ ಎಲ್ಲ ಹಿಡಿದರೆ ಒಂದು ಐಸಿಯು ಹಾಸಿಗೆಯ ಹಿಂದೆ ನಾಲ್ಕಕ್ಕಿಂತ ಹೆಚ್ಚು ದಾದಿಯರ ನೇಮಕವಾಗಿರಬೇಕು. ಹತ್ತು ವೆಂಟಿಲೇಟರ್‌ಗಳನ್ನು ಒಂದು ವಾರದಲ್ಲಿ ಖರೀದಿಸಬಹುದು. ನಲವತ್ತು ತರಬೇತಾದ ದಾದಿಯರನ್ನು ಖರೀದಿಸಲಾಗುವುದಿಲ್ಲ. ಉದ್ಘಾಟನೆಯ ಕತ್ತರಿಗೆ ಕಟ್ಟಡವೂ ಯಂತ್ರವೂ ಬೇಕು, ಖಾಲಿ ಹುದ್ದೆ ತುಂಬಿದ ದಿನ ಕತ್ತರಿಸಲು ರಿಬ್ಬನ್ ಇರುವುದಿಲ್ಲ. ನಮ್ಮ ಸಿದ್ಧತೆ ಯಾವ ಕಡೆಗೆ ವಾಲಿದೆ ಎಂಬುದಕ್ಕೆ ಇದೂ ಒಂದು ವಿವರಣೆ ಎಂದು ನನ್ನ ಅಭಿಪ್ರಾಯ.

ಮುಂಬಯಿಯ ಸರಕಾರಿ ಆಸ್ಪತ್ರೆಗಳಲ್ಲಿ ಮಂಜೂರಾದ ಮಂಚ ತುಂಬಿದ ಮೇಲೂ ರೋಗಿಗಳನ್ನು ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಅಲ್ಲಿನವರ ಮಾತಿನಲ್ಲಿ ಫ್ಲೋರ್ ಬೆಡ್ ಎಂದು ಹೆಸರು. ಆಗಸ್ಟ್ ತಿಂಗಳಲ್ಲಿ ಯಾವುದಾದರೂ ಪಾಲಿಕೆ ಆಸ್ಪತ್ರೆಯ ಮೆಡಿಸಿನ್ ವಾರ್ಡಿಗೆ ಹೋದವರಿಗೆ ಆ ನೋಟ ಗೊತ್ತಿರುತ್ತದೆ. ಎರಡು ಮಂಚಗಳ ನಡುವಿನ ಓಣಿಯಲ್ಲಿ ರೆಕ್ಸಿನ್ ಹೊದಿಸಿದ ಗಾದಿ, ಅದರ ಮೇಲೆ ಚಳಿಜ್ವರದಿಂದ ಮುದುಡಿದ ಹುಡುಗ, ಅವನ ತೋಳಿಗಿಳಿಯುವ ಸಲೈನ್ ಬಾಟಲಿ ಕಿಟಕಿಯ ಸರಳಿಗೆ ಬ್ಯಾಂಡೇಜ್ ಪಟ್ಟಿಯಿಂದ ಬಿಗಿದಿರುತ್ತದೆ, ಕೇಸ್ ಪೇಪರ್ ದಿಂಬಿನಡಿಯಲ್ಲಿರುತ್ತದೆ. ಸಿಸ್ಟರ್ ಮೊಣಕಾಲೂರಿ ಕುಳಿತು ರಕ್ತದೊತ್ತಡ ನೋಡುತ್ತಾರೆ. ಇದನ್ನು ಅವ್ಯವಸ್ಥೆ ಎಂದು ಬೈಯುವುದು ಸುಲಭ, ಆದರೆ ಬಂದವರನ್ನು ತಿರುಗಿಸಿ ಕಳಿಸದೆ ಇರುವ ಒಂದು ಧರ್ಮವೂ ಅದರಲ್ಲಿದೆ. ತೊಂದರೆ ಇರುವುದು ಬೇರೆಡೆ. ಇಂಥ ವಾರ್ಡು ತನ್ನ ಹಿಗ್ಗುವ ಶಕ್ತಿಯನ್ನೆಲ್ಲ ಒಂದು ಸಾಧಾರಣ ದಿನದಲ್ಲೇ ಖರ್ಚು ಮಾಡಿರುತ್ತದೆ. ವಿಪತ್ತು ಬಂದಾಗ ವಾರ್ಡಿನ ನೆಲವನ್ನೂ ಬಳಸೋಣ ಎಂದು ಯೋಜನೆಯಲ್ಲಿ ಬರೆದಿದ್ದರೆ, ಆ ನೆಲದ ಮೇಲೆ ಆಗಲೇ ಯಾರೋ ಮಲಗಿದ್ದಾರೆ.

ಹಾಗಾದರೆ ಎಷ್ಟು ಖಾಲಿ ಇದ್ದರೆ ಸಾಕು? 1999ರಲ್ಲಿ ಬ್ರಿಟನ್ನಿನ ಸಂಶೋಧಕರು ಗಣಿತದ ಮಾದರಿಯೊಂದನ್ನು ಮಾಡಿ, ತುರ್ತು ರೋಗಿಗಳನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಸರಾಸರಿ ಭರ್ತಿ ಶೇ. 85ನ್ನು ದಾಟಿದರೆ ಅಪಾಯ ಕಾಣಿಸಿಕೊಳ್ಳುತ್ತದೆ, ಶೇ. 90ಕ್ಕೆ ಬಂದರೆ ಹಾಸಿಗೆಯ ಬಿಕ್ಕಟ್ಟು ಮತ್ತೆ ಮತ್ತೆ ಬರುತ್ತದೆ ಎಂದು ತೋರಿಸಿದರು. ಇದರ ಕಾರಣ ಸರಳ. ರೋಗಿಗಳು ವೇಳಾಪಟ್ಟಿ ನೋಡಿ ಬರುವುದಿಲ್ಲ. ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಸರಾಸರಿ 85 ರೋಗಿಗಳಿದ್ದಾರೆ ಎಂದರೆ ಪ್ರತಿದಿನವೂ 85 ಎಂದು ಅರ್ಥವಲ್ಲ, ಒಂದು ದಿನ 76 ಇದ್ದರೆ ಮತ್ತೊಂದು ದಿನ 94 ಆಗುವುದು ಯಾವ ವಿಶೇಷ ಕಾರಣವೂ ಇಲ್ಲದೆ ನಡೆಯುವ ಏರಿಳಿತ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಮೇಜುಗಳೂ ತುಂಬಿರುವ ಉಡುಪಿ ಹೋಟೆಲನ್ನು ನೆನೆಯಿರಿ: ಮಾಲೀಕನಿಗೆ ಗಲ್ಲಾ ತುಂಬಿದ ಸಂತೋಷ, ಆದರೆ ಇಬ್ಬರು ಕಾಫಿ ಮುಗಿಸಿ ಹತ್ತು ನಿಮಿಷ ಹೆಚ್ಚು ಕುಳಿತರೆ ಸಾಲು ರಸ್ತೆಗೆ ಬರುತ್ತದೆ. ಹೋಟೆಲಿನಲ್ಲಿ ಕಾಯುವವನಿಗೆ ಹಸಿವು ಹೆಚ್ಚುತ್ತದೆ ಅಷ್ಟೆ, ಕ್ಯಾಜುವಲ್ಟಿಯಲ್ಲಿ ಕಾಯುವವನ ರಕ್ತ ಹರಿದುಹೋಗುತ್ತದೆ.

ಇದೇ ಗಣಿತದಲ್ಲಿ ಇನ್ನೊಂದು ಗುಟ್ಟಿದೆ. ಆಸ್ಪತ್ರೆ ದೊಡ್ಡದಾದಷ್ಟೂ ಏರಿಳಿತದ ಪ್ರಮಾಣ ಕಡಿಮೆಯಾಗುತ್ತದೆ. ನೂರು ಹಾಸಿಗೆಯಲ್ಲಿ ಒಂಬತ್ತು ಹತ್ತರ ಏರಿಳಿತವಿದ್ದರೆ ಸಾವಿರ ಹಾಸಿಗೆಯಲ್ಲಿ ಅದು ತೊಂಬತ್ತಾಗುವುದಿಲ್ಲ, ಸುಮಾರು ಮೂವತ್ತಕ್ಕೆ ನಿಲ್ಲುತ್ತದೆ. ಅಂದರೆ ಹತ್ತು ಚಿಕ್ಕ ಆಸ್ಪತ್ರೆಗಳು ತಮ್ಮ ತಮ್ಮ ಖಾಲಿ ಹಾಸಿಗೆಗಳನ್ನು ಬಚ್ಚಿಟ್ಟುಕೊಂಡು ಕೂತರೆ ಪ್ರತಿಯೊಂದೂ ಒಂದಲ್ಲ ಒಂದು ದಿನ ಉಕ್ಕುತ್ತದೆ; ಅವೇ ಹತ್ತು ಒಂದು ಪಟ್ಟಿಯಡಿ ಸೇರಿ ರೋಗಿಗಳನ್ನು ಹಂಚಿಕೊಂಡರೆ ಅಷ್ಟೇ ಹಾಸಿಗೆಗಳಲ್ಲಿ ಹೆಚ್ಚು ಜನರನ್ನು ನಿಭಾಯಿಸಬಹುದು. ಮುಂದೆ ಬರುವ ಮಾಹಿತಿ ವ್ಯವಸ್ಥೆಯ ಮಾತಿಗೆ ಆಧಾರ ಇದೇ.

ಮುಂಬಯಿಯ ವಿಶೇಷ ಕಷ್ಟವೆಂದರೆ ಇಲ್ಲಿ ಆಸ್ಪತ್ರೆ ತುಂಬುವ ಕಾಲವೂ ವಿಪತ್ತು ಬರುವ ಕಾಲವೂ ಒಂದೇ ಆಗಿರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೇರಿಯ, ಡೆಂಗಿ, ಇಲಿಜ್ವರ, ವಾಂತಿಭೇದಿಗಳು ವಾರ್ಡುಗಳನ್ನು ತುಂಬುತ್ತವೆ. ಇದೇ ತಿಂಗಳುಗಳಲ್ಲಿ ಹಳೆಯ ಕಟ್ಟಡಗಳು ಕುಸಿಯುತ್ತವೆ, ಗುಡ್ಡದ ಮೇಲಿನ ಜೋಪಡಿಗಳ ಮೇಲೆ ಗೋಡೆ ಬೀಳುತ್ತದೆ, ಸಮುದ್ರದ ಉಬ್ಬರದ ಹೊತ್ತಿಗೆ ಮಳೆ ಸುರಿದರೆ ನೀರು ಸಮುದ್ರಕ್ಕೆ ಹರಿಯದೆ ಕುರ್ಲಾ, ಸಾಯನ್, ಹಿಂದ್‌ಮಾತಾಗಳಲ್ಲಿ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಮುಳುಗಿ, ಮಣ್ಣು ಕುಸಿದು ಸತ್ತವರ ಸಂಖ್ಯೆಯನ್ನೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆಸ್ಪತ್ರೆಗಳಿಗೆ ಎರಡನೆಯ ಪ್ರವಾಹ ಬಂದದ್ದು ಆಗಸ್ಟ್‌ನಲ್ಲಿ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಡೆದವರಿಗೆ ಇಲಿಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಟಿವಿ ವಾಹನಗಳು ಹೊರಟುಹೋದ ಮೇಲೆ ಮೂತ್ರಪಿಂಡ, ಶ್ವಾಸಕೋಶ ಕೆಟ್ಟ ಯುವಕರು ಐಸಿಯುಗೆ ಬರತೊಡಗುತ್ತಾರೆ. ನೀರಿನಲ್ಲಿ ನಡೆದವರು 24ರಿಂದ 72 ಗಂಟೆಗಳೊಳಗೆ ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಬೇಕೆಂದು ಪಾಲಿಕೆ ಪ್ರತಿ ಮಳೆಗಾಲವೂ ಹೇಳುವುದು ಈ ಕಾರಣಕ್ಕೆ. ಒಂದು ಅಗ್ಗದ ಮಾತ್ರೆ ಸರಿಯಾದ ದಿನ ಸರಿಯಾದ ಬಾಯಿಗೆ ಹೋದರೆ ಎರಡು ವಾರದ ನಂತರ ಒಂದು ಐಸಿಯು ಹಾಸಿಗೆ ಉಳಿಯುತ್ತದೆ. ಹಾಸಿಗೆ ಸೃಷ್ಟಿಸುವ ಇದಕ್ಕಿಂತ ಸೋವಿಯಾದ ಉಪಾಯ ನನಗೆ ತಿಳಿದಿಲ್ಲ.

ಗಾಯಾಳುಗಳು ಹೇಗೆ ಬರುತ್ತಾರೆ ಎಂಬುದನ್ನೂ ನೋಡಬೇಕು. ಯೋಜನೆಗಳಲ್ಲಿ ಬರೆಯುವಂತೆ ಆಂಬುಲೆನ್ಸ್‌ನಲ್ಲಿ, ಸರದಿಯಂತೆ, ಹಂಚಿಕೊಂಡು ಬರುವುದಿಲ್ಲ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಹನ್ನೊಂದು ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದಾಗ, ಹಳಿಯ ಪಕ್ಕದ ಬಸ್ತಿಗಳ ಜನ ಬೆಡ್‌ಶೀಟುಗಳಲ್ಲಿ, ಸಿಕ್ಕ ಟ್ಯಾಕ್ಸಿ ರಿಕ್ಷಾಗಳಲ್ಲಿ ಗಾಯಾಳುಗಳನ್ನು ಹೊತ್ತೊಯ್ದರು. ಹೊತ್ತೊಯ್ಯುವವನಿಗೆ ಕಾಣುವುದು ಹತ್ತಿರದ ಆಸ್ಪತ್ರೆ. ಆದ್ದರಿಂದ ಒಂದೆರಡು ಆಸ್ಪತ್ರೆಗಳು ಉಕ್ಕುತ್ತಿರುವಾಗ ಮೂರು ನಾಲ್ಕು ಕಿಲೋಮೀಟರ್ ಆಚೆಯ ಆಸ್ಪತ್ರೆ ಸಿದ್ಧವಾಗಿ ಕಾಯುತ್ತಾ ನಿಂತಿರುತ್ತದೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತಾಗ ಹೊರೆ ಬಿದ್ದದ್ದು ಪಕ್ಕದ ಕೆಇಎಂ ಮೇಲೆ. 2024ರ ಮೇ 13ರಂದು ಘಾಟ್‌ಕೋಪರ್‌ನಲ್ಲಿ ದೈತ್ಯ ಹೋರ್ಡಿಂಗ್ ಪೆಟ್ರೋಲ್ ಪಂಪಿನ ಮೇಲೆ ಬಿದ್ದು 17 ಮಂದಿ ಸತ್ತು 70ಕ್ಕೂ ಹೆಚ್ಚು ಜನ ಗಾಯಗೊಂಡಾಗ ಹೆಚ್ಚಿನವರು ಹೋದದ್ದು ಹತ್ತಿರದ ರಾಜಾವಾಡಿ ಆಸ್ಪತ್ರೆಗೆ. ಇನ್ನೊಂದು ವಿಚಿತ್ರವೆಂದರೆ ಮೊದಲು ತಲುಪುವವರು ಬಹುಪಾಲು ನಡೆದಾಡಬಲ್ಲ, ಕಡಿಮೆ ಗಾಯದ ಜನ. ಅವರು ಕ್ಯಾಜುವಲ್ಟಿಯ ಟ್ರಾಲಿಗಳನ್ನೆಲ್ಲ ತುಂಬಿಕೊಂಡ ಮೇಲೆ, ಅವಶೇಷದಿಂದ ಬಿಡಿಸಿ ತಂದ ನಿಜವಾದ ತೀವ್ರ ಗಾಯಾಳುಗಳು ಬರುತ್ತಾರೆ. ಬಾಗಿಲಲ್ಲೇ ಒಬ್ಬ ಅನುಭವಿ ವೈದ್ಯ ನಿಂತು ಗಾಯದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿ ಕಟ್ಟಿ ವಿಂಗಡಿಸುವ ಟ್ರಯಾಜ್ ಪದ್ಧತಿ ಇರುವುದು ಇದಕ್ಕಾಗಿ. ಸಾಯನ್, ಕೆಇಎಂಗಳ ವೈದ್ಯರಿಗೆ ಇದರ ಅಭ್ಯಾಸ ಚೆನ್ನಾಗಿದೆ, ಏಕೆಂದರೆ ಮುಂಬಯಿಯ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಗಾಯಗೊಂಡವರು ದಿನವೂ ಬರುತ್ತಾರೆ. ನಿತ್ಯದ ಈ ದುರಂತದಿಂದ ಬಂದ ಕೌಶಲವನ್ನು ಹೊಗಳುವಾಗ ಸ್ವಲ್ಪ ನಾಚಿಕೆಯೂ ಆಗಬೇಕು.

ಇಲ್ಲಿಯವರೆಗೆ ಹೇಳಿದ್ದು ಸಾಮಾನ್ಯ ಹಾಸಿಗೆಯ ಮಾತು. ಕೆಲವು ಗಾಯಗಳಿಗೆ ಸಾಮಾನ್ಯ ಹಾಸಿಗೆ ಉಪಯೋಗಕ್ಕೆ ಬರುವುದಿಲ್ಲ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಡೊಂಬಿವಲಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ರಾಸಾಯನಿಕ ಕಾರ್ಖಾನೆಗಳು ಸಿಡಿದವು, ಎರಡೂ ಸಲ ಸುತ್ತಲಿನ ಮನೆಗಳ ಗಾಜುಗಳು ಪುಡಿಯಾದವು. ಗಾಜು ಚುಚ್ಚಿದವರಿಗೆ ಊರ ನರ್ಸಿಂಗ್ ಹೋಮ್ ಸಾಕು. ಮೈಯ ಅರ್ಧಭಾಗ ಸುಟ್ಟವನಿಗೆ ಬೇಕಾಗುವುದು ಸೋಂಕು ತಾಗದ ಪ್ರತ್ಯೇಕ ಕೋಣೆ, ಚರ್ಮ ಕಸಿ ಮಾಡಬಲ್ಲ ತಂಡ, ವಾರಗಟ್ಟಲೆಯ ಆರೈಕೆ. ಅಂಥ ಹಾಸಿಗೆಗಳು ಇಡೀ ಮಹಾನಗರ ಪ್ರದೇಶದಲ್ಲಿ ಐರೋಲಿಯ ರಾಷ್ಟ್ರೀಯ ಸುಟ್ಟಗಾಯ ಕೇಂದ್ರ, ಮುಂಬಯಿಯ ಕಸ್ತೂರ್ಬಾ, ಮಸೀನಾ ಮೊದಲಾದ ಕೆಲವೇ ಆಸ್ಪತ್ರೆಗಳಲ್ಲಿವೆ. ನೆಲದ ಮೇಲೆ ಗಾದಿ ಹಾಕಿ ಅವುಗಳನ್ನು ಹೆಚ್ಚಿಸಲು ಬರುವುದಿಲ್ಲ. ಕಟ್ಟಡ ಕುಸಿತದಲ್ಲಿ ಇನ್ನೊಂದು ಬಗೆಯ ಅಡಚಣೆ ಎದುರಾಗುತ್ತದೆ. ತಾಸುಗಟ್ಟಲೆ ತೊಲೆಯಡಿ ಸಿಕ್ಕಿಕೊಂಡ ಕಾಲಿನ ಸ್ನಾಯುಗಳು ನಶಿಸಿರುತ್ತವೆ. ತೊಲೆ ಎತ್ತಿದೊಡನೆ ಅವುಗಳೊಳಗಿನ ಪೊಟ್ಯಾಸಿಯಂ ಮತ್ತು ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್ ರಕ್ತಕ್ಕೆ ಸೇರಿ ಹೃದಯವನ್ನು ನಿಲ್ಲಿಸಬಹುದು, ಮೂತ್ರಪಿಂಡವನ್ನು ಕೆಡಿಸಬಹುದು. ಹೀಗೆ ಬದುಕಿ ಬಂದವನಿಗೆ ಡಯಾಲಿಸಿಸ್ ಬೇಕು, ಆದರೆ ಡಯಾಲಿಸಿಸ್ ಯಂತ್ರಗಳ ಮುಂದೆ ವಾರಕ್ಕೆ ಎರಡು ಮೂರು ಸಲ ಬರುವ ಹಳೆಯ ರೋಗಿಗಳ ಸರದಿ ಆಗಲೇ ಇರುತ್ತದೆ. 2013ರ ಏಪ್ರಿಲ್‌ನಲ್ಲಿ ಮುಂಬ್ರಾದಲ್ಲಿ ಕಟ್ಟುತ್ತಿದ್ದ ಅನಧಿಕೃತ ಕಟ್ಟಡ ಕುಸಿದು 74 ಮಂದಿ ಸತ್ತಂಥ ಘಟನೆಯಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಆಮ್ಲಜನಕದ ಲೆಕ್ಕವೂ ಹೀಗೆಯೇ. ಜಂಬೋ ಸಿಲಿಂಡರೊಂದರಲ್ಲಿ ಸುಮಾರು 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 60 ಲೀಟರ್ ಎಳೆಯುವ ಉಪಕರಣಕ್ಕೆ ಅದು ಎರಡು ಗಂಟೆಯೂ ಬರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಮಂಚಗಳಿದ್ದೂ ರೋಗಿಗಳನ್ನು ಎತ್ತಬೇಕಾಗಿ ಬಂದದ್ದರ ಹಿಂದೆ ಈ ಅಂಕಿಗಳಿವೆ.

ಆಸ್ಪತ್ರೆಯೇ ವಿಪತ್ತಿಗೆ ಒಳಗಾದರೆ ಪಟ್ಟಿಯಲ್ಲಿ ಎರಡು ಕಡೆ ಕಳೆಯಬೇಕಾಗುತ್ತದೆ: ಅಲ್ಲಿನ ಹಾಸಿಗೆಗಳು ಹೋದವು, ಅಲ್ಲಿನ ರೋಗಿಗಳು ಬೇರೆಯವರ ಹೊರೆಯಾದರು. 2017ರ ಆಗಸ್ಟ್ 29ರ ಮಳೆಗೆ ಕೆಇಎಂನ ನೆಲಮಹಡಿಯ ವಾರ್ಡುಗಳಿಗೇ ನೀರು ನುಗ್ಗಿ ರೋಗಿಗಳನ್ನು ಸ್ಥಳಾಂತರಿಸಬೇಕಾಯಿತು. ಅದೇ ದಿನ ನಗರದ ಹೆಸರಾಂತ ವೈದ್ಯರೊಬ್ಬರು ನೀರಿನಲ್ಲಿ ನಡೆದು ಮನೆಗೆ ಹೋಗುವಾಗ ತೆರೆದ ಮ್ಯಾನ್‌ಹೋಲಿನಲ್ಲಿ ಬಿದ್ದು ತೀರಿಕೊಂಡರು. 2018ರ ಡಿಸೆಂಬರ್‌ನಲ್ಲಿ ಮರೋಳ್‌ನ ಕಾರ್ಮಿಕ ವಿಮಾ ಆಸ್ಪತ್ರೆಗೂ, 2021ರ ಮಾರ್ಚ್‌ನಲ್ಲಿ ಭಾಂಡುಪ್‌ನ ಮಾಲ್ ಒಂದರೊಳಗಿದ್ದ ಕೋವಿಡ್ ಆಸ್ಪತ್ರೆಗೂ, ಮರುತಿಂಗಳು ವಿರಾರ್‌ನ ಆಸ್ಪತ್ರೆಯ ಐಸಿಯುಗೂ ಬೆಂಕಿ ಬಿದ್ದು ರೋಗಿಗಳು ಸತ್ತರು. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ಕಾಮಾ ಆಸ್ಪತ್ರೆಯೊಳಕ್ಕೇ ನುಗ್ಗಿದ್ದರು, ಗಾಯಾಳುಗಳು ಸೇಂಟ್ ಜಾರ್ಜ್ ಮತ್ತು ಜೆಜೆ ಆಸ್ಪತ್ರೆಗಳಿಗೆ ಬರುತ್ತಿದ್ದರು.

ನಗರದ ಗಡಿ ದಾಟಿದರೆ ಚಿತ್ರ ಇನ್ನಷ್ಟು ತೆಳುವಾಗುತ್ತದೆ. ಪಾಲ್ಘರ್, ರಾಯಗಡ, ಥಾಣೆ ಜಿಲ್ಲೆಗಳ ತೀವ್ರ ರೋಗಿಗಳು ಹೆದ್ದಾರಿ ಹಿಡಿದು ಬರುವುದು ಸಾಯನ್, ಕೆಇಎಂ, ಜೆಜೆಗಳಿಗೇ. 2023ರ ಆಗಸ್ಟ್‌ನಲ್ಲಿ ಥಾಣೆ ಪಾಲಿಕೆಯ ಕಳವಾ ಆಸ್ಪತ್ರೆಯಲ್ಲಿ ಒಂದೇ ದಿನದ ಅವಧಿಯಲ್ಲಿ 18 ರೋಗಿಗಳು ಸತ್ತದ್ದು ದೇಶದಾದ್ಯಂತ ಸುದ್ದಿಯಾಯಿತು. ಆ ಆಸ್ಪತ್ರೆ ಸುಮಾರು 500 ಹಾಸಿಗೆಯದು. ಥಾಣೆಯ ಜಿಲ್ಲಾ ಆಸ್ಪತ್ರೆಯ ಹಳೆಯ ಕಟ್ಟಡವನ್ನು ಹೊಸದಾಗಿ ಕಟ್ಟಲು ತೆಗೆದಿದ್ದರಿಂದ ಅಲ್ಲಿಗೆ ಹೋಗಬೇಕಾದವರೂ ಕಳವಾಕ್ಕೆ ಬರುತ್ತಿದ್ದರು ಎಂಬುದು ಆಗ ಬಂದ ವಿವರಣೆಗಳಲ್ಲಿ ಒಂದು. ಅಂದು ಭೂಕಂಪವಾಗಿರಲಿಲ್ಲ, ನೆರೆ ಬಂದಿರಲಿಲ್ಲ. ಹೊಸ ಆಸ್ಪತ್ರೆ ಕಟ್ಟುವುದು ತಪ್ಪಲ್ಲ. ಕಟ್ಟಿ ಮುಗಿಯುವವರೆಗಿನ ವರ್ಷಗಳಲ್ಲಿ ಹಳೆಯದರ ರೋಗಿಗಳು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಅದೇ ಕಡತದಲ್ಲಿ ಬರೆಯದಿರುವುದು ತಪ್ಪು. ಮುಂಬಯಿಯ ಉಪನಗರಗಳಲ್ಲೂ ಇಂಥ ಮರುನಿರ್ಮಾಣಗಳು ವರ್ಷಗಟ್ಟಲೆ ಎಳೆದುಕೊಂಡು ಹೋದದ್ದುಂಟು.

ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ವಾದ ಒಮ್ಮುಖವಾಗುತ್ತದೆ. ಎಲ್ಲ ವಿಪತ್ತುಗಳೂ ಹಾಸಿಗೆಯ ಕೊರತೆಯಿಂದ ಕೊಲ್ಲುವುದಿಲ್ಲ. 2021ರ ಜುಲೈನಲ್ಲಿ ಮಹಾಡ್ ಬಳಿಯ ತಳಿಯೆ, 2023ರ ಜುಲೈನಲ್ಲಿ ಖಾಲಾಪುರದ ಇರ್ಶಾಲವಾಡಿ, ಎರಡೂ ಕಡೆ ಗುಡ್ಡ ಇಡೀ ಊರಿನ ಮೇಲೆ ಇಳಿದಾಗ ಸತ್ತವರು ಬಹಳ, ಆಸ್ಪತ್ರೆ ತಲುಪಿದವರು ಕಡಿಮೆ. ಅಂಥಲ್ಲಿ ಸಾವಿರ ಹಾಸಿಗೆ ಕಾದಿಟ್ಟರೂ ಫಲವಿಲ್ಲ, ಬೇಕಾದದ್ದು ಮೊದಲೇ ಆ ಜನರನ್ನು ಅಲ್ಲಿಂದ ಕರೆತರುವುದು. ಆಸ್ಪತ್ರೆಯ ಸಾಮರ್ಥ್ಯ ನಿರ್ಣಾಯಕವಾಗುವುದು ಗಾಯಾಳುಗಳು ಹೆಚ್ಚು ಉಳಿಯುವ ಸ್ಫೋಟ, ನೂಕುನುಗ್ಗಲು, ರೈಲು ಅಪಘಾತ, ಬಿಸಿಲಾಘಾತ, ಸಾಂಕ್ರಾಮಿಕಗಳಲ್ಲಿ. 2023ರ ಏಪ್ರಿಲ್ 16ರಂದು ಖಾರ್‌ಘರ್‌ನ ಬಯಲು ಸಮಾರಂಭದಲ್ಲಿ ಬಿಸಿಲಿಗೆ ಸಿಕ್ಕವರಿಗೆ ಕೆಲವೇ ನಿಮಿಷಗಳಲ್ಲಿ ಮೈ ತಣಿಸುವ ವ್ಯವಸ್ಥೆ ಬೇಕಿತ್ತು. ಅದಕ್ಕೆ ಹತ್ತಿರದ ತುರ್ತು ಚಿಕಿತ್ಸೆಯೇ ಜೀವ.

ಈಗ ಮಾಹಿತಿಯ ಪ್ರಶ್ನೆಗೆ ಬರೋಣ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕಾರ್ಮಿಕರೊಬ್ಬರನ್ನು ಸರಕಾರಿ ಆಸ್ಪತ್ರೆಗಳು ಒಂದರ ಮೇಲೊಂದು ಹಾಸಿಗೆ ಇಲ್ಲವೆಂದೋ ಸೌಲಭ್ಯ ಇಲ್ಲವೆಂದೋ ತಿರುಗಿಸಿ ಕಳಿಸಿದವು. ಆ ಪ್ರಕರಣದಲ್ಲಿ 1996ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ತುರ್ತು ಚಿಕಿತ್ಸೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. ಜೊತೆಗೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆಯೆಂದು ತಿಳಿದು ರೋಗಿಯನ್ನು ನೇರವಾಗಿ ಅಲ್ಲಿಗೆ ಕಳಿಸಲು ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕೆಂದೂ ಹೇಳಿತು. ಮುಂಬಯಿ ಇಂಥದೊಂದನ್ನು ನಿಜವಾಗಿ ನಡೆಸಿ ನೋಡಿದ್ದು 2020ರಲ್ಲಿ. ಪಾಲಿಕೆಯ 24 ಆಡಳಿತ ವಾರ್ಡುಗಳಲ್ಲಿ ಹಾಸಿಗೆ ಹಂಚುವ ವಾರ್ ರೂಮ್‌ಗಳಾದವು, ಹಾಸಿಗೆಗಳ ಡ್ಯಾಶ್‌ಬೋರ್ಡ್ ಬಂತು, ರಾಜ್ಯ ಸರಕಾರ ಖಾಸಗಿ ಆಸ್ಪತ್ರೆಗಳ ಶೇ. 80ರಷ್ಟು ಹಾಸಿಗೆಗಳ ಹಂಚಿಕೆಯನ್ನೂ ದರವನ್ನೂ ತನ್ನ ನಿಯಂತ್ರಣಕ್ಕೆ ತೆಗೆದುಕೊಂಡಿತು. ಸಂಪೂರ್ಣ ಸರಿಯಾಗಿತ್ತು ಎನ್ನಲಾರೆ, ಆದರೆ ಹಿಂದೆ ಹೇಳಿದ ಗಣಿತ ಆ ತಿಂಗಳುಗಳಲ್ಲಿ ಕೆಲಸ ಮಾಡಿತು: ಚದುರಿದ ಆಸ್ಪತ್ರೆಗಳು ಒಂದು ದೊಡ್ಡ ಆಸ್ಪತ್ರೆಯಂತೆ ನಡೆದುಕೊಂಡವು. ನನ್ನ ದೃಷ್ಟಿಯಲ್ಲಿ ಸಾಂಕ್ರಾಮಿಕದಿಂದ ಉಳಿಸಿಕೊಳ್ಳಲೇಬೇಕಾಗಿದ್ದ ಆಸ್ತಿ ಜಂಬೋ ಡೇರೆಗಳಿಗಿಂತ ಈ ಪಟ್ಟಿಯೇ. ಅದು ಮಹಾನಗರಪಾಲಿಕೆಯ ಗಡಿಗೆ ನಿಲ್ಲದೆ ಕಲ್ಯಾಣ್, ಪನ್ವೇಲ್, ವಸಾಯಿ, ಪಾಲ್ಘರ್‌ಗಳನ್ನು ಸೇರಿಸಿಕೊಂಡು, ಜ್ವರದ ಸಾಧಾರಣ ದಿನಗಳಲ್ಲೂ ಬಳಕೆಯಲ್ಲಿರಬೇಕು. ದಿನನಿತ್ಯ ಬಳಸದ ವ್ಯವಸ್ಥೆ ವಿಪತ್ತಿನ ದಿನ ಪಾಸ್‌ವರ್ಡ್ ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಹೊಸ ಹಾಸಿಗೆ ಕಟ್ಟದೆಯೇ ಜಾಗ ಮಾಡುವ ಇನ್ನೊಂದು ದಾರಿ ಬಿಡುಗಡೆ. ಒಬ್ಬ ರೋಗಿ ಸರಾಸರಿ ಆರು ದಿನ ಉಳಿಯುವ ನೂರು ಹಾಸಿಗೆಯ ವಾರ್ಡಿನಲ್ಲಿ ದಿನಕ್ಕೆ ಹದಿನಾರು ಹದಿನೇಳು ಹಾಸಿಗೆ ತೆರವಾಗುತ್ತವೆ. ಆ ಆರು ಐದಾದರೆ ದಿನಕ್ಕೆ ಇಪ್ಪತ್ತು ತೆರವಾಗುತ್ತವೆ. ಆರು ದಿನದ ಲೆಕ್ಕದಲ್ಲೇ ಇಪ್ಪತ್ತು ತೆರವಾಗಬೇಕೆಂದರೆ 120 ಮಂಚಗಳು ಬೇಕಾಗುತ್ತಿದ್ದವು. ವಿಪತ್ತಿನ ಹೊತ್ತಿನಲ್ಲಿ ಇದನ್ನೇ ಚುರುಕಾಗಿ ಮಾಡುವುದನ್ನು ಹಿಮ್ಮುಖ ಟ್ರಯಾಜ್ ಎನ್ನುತ್ತಾರೆ: ಒಳಗಿರುವವರಲ್ಲಿ ಯಾರು ಇವತ್ತೇ ಮನೆಗೆ ಹೋದರೂ ಅಪಾಯವಿಲ್ಲ ಎಂದು ವಿಂಗಡಿಸಿ ಕೆಲವೇ ತಾಸುಗಳಲ್ಲಿ ಹಾಸಿಗೆ ತೆರವುಗೊಳಿಸುವುದು. ವಿದೇಶದ ಕೈಪಿಡಿಗಳಲ್ಲಿ ಇದು ಚೊಕ್ಕವಾಗಿ ಕಾಣುತ್ತದೆ. ಮುಂಬಯಿಯಲ್ಲಿ ಪ್ರಶ್ನೆಯೇ ಬೇರೆ: ಮನೆಗೆ ಹೋಗು ಎಂದರೆ ಯಾವ ಮನೆಗೆ? ಡೆಂಗಿಯಿಂದ ಚೇತರಿಸಿಕೊಳ್ಳುತ್ತಿರುವ ಹೋಟೆಲ್ ಹುಡುಗ ಮಲಗುವುದು ಅದೇ ಹೋಟೆಲಿನ ಅಟ್ಟದ ಮೇಲೆ, ಹತ್ತು ಮಂದಿಯ ನಡುವೆ. ಕಲಬುರಗಿ, ವಿಜಯಪುರಗಳಿಂದ ಬಂದ ಕಟ್ಟಡ ಕಾರ್ಮಿಕ ಇರುವುದು ನಿರ್ಮಾಣದ ಜಾಗದ ತಗಡಿನ ಶೆಡ್ಡಿನಲ್ಲಿ. ಊರಿಂದ ಚಿಕಿತ್ಸೆಗೆಂದೇ ಬಂದ ಕುಟುಂಬಗಳು ಪರೇಲ್‌ನ ಪಾದಚಾರಿ ದಾರಿಯಲ್ಲಿ ಪ್ಲಾಸ್ಟಿಕ್ ಹಾಸಿಕೊಂಡಿರುತ್ತವೆ. ಇದನ್ನೆಲ್ಲ ಬಲ್ಲ ಡಾಕ್ಟರು ಇನ್ನೆರಡು ದಿನ ಇರಲಿ ಬಿಡಿ ಎನ್ನುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಹೀಗೆ ನಗರದ ವಸತಿಯ ಕೊರತೆ ಸದ್ದಿಲ್ಲದೆ ಆಸ್ಪತ್ರೆಯ ಹಾಸಿಗೆಯ ಕೊರತೆಯಾಗಿ ಮಾರ್ಪಡುತ್ತದೆ.

ಈ ಜಾಗದಲ್ಲಿ ಸಂಘಸಂಸ್ಥೆಗಳಿಗೆ ನಿಜವಾದ ಕೆಲಸವಿದೆ. ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆ ಕ್ಯಾನ್ಸರ್ ರೋಗಿಗಳಿಗೆ ಮಾಡುತ್ತಿರುವುದು ಇದನ್ನೇ: ಆಸ್ಪತ್ರೆಯ ಮಂಚ ಬೇಕಿಲ್ಲದ, ಆದರೆ ಚಿಕಿತ್ಸೆಯ ಸಮೀಪ ಇರಬೇಕಾದವರಿಗೆ ತಂಗಲು ಜಾಗ. ಮಾಟುಂಗಾದಿಂದ ಸಾಂತಾಕ್ರೂಜ್, ಅಂಧೇರಿ, ಕುರ್ಲಾಗಳವರೆಗೆ ಕನ್ನಡ, ತುಳು ಸಮುದಾಯಗಳ ಸಂಘಗಳಿಗೆ ಸ್ವಂತ ಕಟ್ಟಡಗಳಿವೆ, ಸಭಾಗೃಹಗಳಿವೆ, ಅಡುಗೆಯವರ ಕೊರತೆ ನಮಗಂತೂ ಎಂದೂ ಇಲ್ಲ. ಊರಿನ ಯಾರಿಗೋ ಬೆಡ್ ಬೇಕೆಂದು ರಾತ್ರಿ ಹತ್ತು ಗಂಟೆಗೆ ಪದಾಧಿಕಾರಿಗಳಿಗೆ ಫೋನು ಬರುವುದು, ಅವರು ಪರಿಚಯದ ಡಾಕ್ಟರಿಗೆ ಫೋನು ಮಾಡುವುದು ಇಲ್ಲಿ ಹಳೆಯ ರೂಢಿ. ಒಬ್ಬನಿಗೆ ಅದರಿಂದ ಉಪಕಾರವಾಗುತ್ತದೆ, ಆದರೆ ಆ ಹಾಸಿಗೆ ಪರಿಚಯವಿಲ್ಲದ ಇನ್ನೊಬ್ಬನ ಕೈತಪ್ಪಿದ ಹಾಸಿಗೆಯೂ ಆಗಿರಬಹುದು. ಅದರ ಬದಲು, ಮಳೆಗಾಲದ ನಾಲ್ಕು ತಿಂಗಳು ಸಭಾಗೃಹದ ಒಂದು ಕೋಣೆಯನ್ನು ಆಸ್ಪತ್ರೆಯ ಸಮಾಜಸೇವಾ ವಿಭಾಗದೊಡನೆ ಮೊದಲೇ ಮಾತಾಡಿಕೊಂಡು, ಬಿಡುಗಡೆಯಾದವರ ನಾಲ್ಕೈದು ದಿನದ ವಿಶ್ರಾಂತಿಗೆ ಇಟ್ಟರೆ ಅದು ಎಲ್ಲರ ಪಾಲಿಗೂ ತೆರವಾದ ಹಾಸಿಗೆ. ಧರ್ಮಾದಾಯ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ, ಇನ್ನೂ ಶೇ. 10ರಷ್ಟನ್ನು ಆರ್ಥಿಕವಾಗಿ ದುರ್ಬಲರಿಗೆ ಮೀಸಲಿಡಬೇಕೆಂಬ ಯೋಜನೆ ಮಹಾರಾಷ್ಟ್ರದಲ್ಲಿ ಬಾಂಬೆ ಹೈಕೋರ್ಟಿನ ಆದೇಶದಂತೆ 2006ರಿಂದ ಜಾರಿಯಲ್ಲಿದೆ. ಅದರ ಅರ್ಜಿ, ಆದಾಯ ಪ್ರಮಾಣಪತ್ರಗಳನ್ನು ಸಿದ್ಧಪಡಿಸಿಕೊಡುವುದೂ ಪರಿಚಯದ ಫೋನಿಗಿಂತ ಹೆಚ್ಚು ಜನರಿಗೆ ಮುಟ್ಟುವ ಕೆಲಸ.

ರಕ್ತದ ವಿಷಯದಲ್ಲಿ ನಮ್ಮ ಸಂಘಗಳು ಹಿಂದೆ ಬಿದ್ದಿಲ್ಲ, ದಿನಾಂಕದ ಆಯ್ಕೆಯಲ್ಲಿ ಮಾತ್ರ ಎಡವಟ್ಟಿದೆ. ಶಿಬಿರಗಳೆಲ್ಲ ಆಗಸ್ಟ್ 15, ಅಕ್ಟೋಬರ್ 2, ಜನವರಿ 26ರ ಸುತ್ತ ಗುಂಪಾಗುತ್ತವೆ. ಕೆಂಪುಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು, ಡೆಂಗಿ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್‌ಗಳನ್ನು ಐದೇ ದಿನ. ಕಾಲೇಜುಗಳಿಗೆ ರಜೆಯಿರುವ, ಅರ್ಧ ಮುಂಬಯಿ ಊರಿಗೆ ಹೋಗಿರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ರಕ್ತನಿಧಿಗಳು ಪ್ರತಿ ವರ್ಷ ಬರಿದಾಗುತ್ತವೆ, ಮಳೆಗಾಲ ಆ ಬರಿದಾದ ಕಪಾಟಿನ ಮುಂದೆ ಬಂದು ನಿಲ್ಲುತ್ತದೆ. ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೊರಟವರನ್ನು ತಡೆಯಲಾಗುವುದಿಲ್ಲ. ಆದರೆ ಮೇ ಕೊನೆಯ ಭಾನುವಾರ ಒಂದು ಶಿಬಿರ, ಜೂನ್ ಕೊನೆಗೆ, ಜನ ಊರಿಂದ ಮರಳಿದ ಮೇಲೆ, ಇನ್ನೊಂದು ಶಿಬಿರ ನಡೆದರೆ ಮೊದಲನೆಯದರ ಕೆಂಪುಕಣಗಳು ಜುಲೈ ಮೊದಲ ವಾರದವರೆಗೂ ಎರಡನೆಯದರವು ಆಗಸ್ಟ್ ಮೊದಲ ವಾರದವರೆಗೂ ಬರುತ್ತವೆ, ಅಲ್ಲಿಂದ ಮುಂದೆ ಸ್ವಾತಂತ್ರ್ಯೋತ್ಸವದ ಶಿಬಿರಗಳು ಹೇಗೂ ಇವೆ.